ಸೂಜಿಯ ದಿಂಬು

ಅವತ್ತು ಬೆಳಗ್ಗೆ ನನ್ನ ಎಣಿಕೆ ಮೂರು ಸಲ ತಪ್ಪಿತು. ಇಪ್ಪತ್ತೇಳು ವರ್ಷ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು ಮಾತ್ರೆ ಎಣಿಸಿದವಳು ನಾನು. ಕಣ್ಣು ಮುಚ್ಚಿಕೊಂಡು ಐದೈದರ ಗುಂಪು ಮಾಡಬಲ್ಲೆ. ಆದರೆ ಕಿಟಕಿಯ ಎದುರಿನ ಬೆಂಚಿನ ಮೇಲೆ ಸೂಜಿ ಕೂತಿದ್ದಳು, ಅವಳ ತೊಡೆಯ ಮೇಲೆ ಒಂದೂವರೆ ವರ್ಷದ ಮಗಳು. ಸೂಜಿಯ ರಕ್ತದಲ್ಲಿ ಹುಟ್ಟಿದಂದಿನಿಂದ ಎಚ್‌ಐವಿ ಇದೆ. ಅದು ಮಗಳಿಗೆ ದಾಟಿದೆಯೋ ಇಲ್ಲವೋ ಎಂದು ಹೇಳುವ ಕೊನೆಯ ಪರೀಕ್ಷೆಯ ಫಲಿತಾಂಶ ಹನ್ನೊಂದು ಗಂಟೆಗೆ ಬರುವುದಿತ್ತು.

ಆರನೆಯ ವಾರದ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದಿತ್ತು. ಆರನೆಯ ತಿಂಗಳಲ್ಲೂ ಇಲ್ಲ ಎಂದೇ ಬಂದಿತ್ತು. ಆದರೆ ಮಗು ತಾಯಿಯ ಹಾಲು ಕುಡಿಯುತ್ತಿತ್ತು. ಹಾಲು ಬಿಡಿಸಿದ ಮೇಲೆ ಮಾಡುವ ಈ ಕೊನೆಯ ಪರೀಕ್ಷೆ ಮುಗಿಯುವ ತನಕ ನಮ್ಮಲ್ಲಿ ಯಾರೂ ಗಟ್ಟಿಯಾಗಿ ಸಂತೋಷಪಡುವುದಿಲ್ಲ.

ಮಗುವಿನ ಕೈಯಲ್ಲೊಂದು ಗಿಲಕಿ ಇತ್ತು. ಖಾಲಿ ಔಷಧಿ ಬಾಟ್ಲಿಗೆ ನಾಲ್ಕು ಅಂಗಿ ಗುಂಡಿ ಹಾಕಿ, ಮುಚ್ಚಳ ಬಿಚ್ಚದ ಹಾಗೆ ಅಂಟಿಸಿ, ಸೂಜಿಯೇ ಮಾಡಿಕೊಟ್ಟದ್ದು. ಮಗು ಅದನ್ನು ಬಿಡುವಿಲ್ಲದೆ ಗಲಗಲ ಆಡಿಸುತ್ತಿತ್ತು.

"ಅದನ್ನ ಸ್ವಲ್ಪ ಇಸ್ಕೊಳ್ಳೇ, ನನ್ನ ತಲೆ ಕೆಡ್ತಿದೆ," ಎಂದೆ.

"ನಿಮ್ಮ ತಲೆ ಯಾವತ್ತು ಸರಿ ಇತ್ತು ಮೇಡಂ?" ಎಂದಳು ಸೂಜಿ.

ಮಾತೇನೋ ಆಡಿದಳು, ಆದರೆ ಮಗುವಿನ ಅಂಗಿಯ ಅಂಚನ್ನು ಮಡಚುತ್ತ ಬಿಚ್ಚುತ್ತಲೇ ಇದ್ದಳು. ನಾನು ತಟ್ಟೆಯ ಮೇಲಿದ್ದ ಮಾತ್ರೆಗಳನ್ನೆಲ್ಲ ಮತ್ತೆ ಒಟ್ಟು ಮಾಡಿ ಮೊದಲಿನಿಂದ ಎಣಿಸತೊಡಗಿದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಈ ಕಿಟಕಿಗೆ ಬರುವ ಹುಡುಗ ಹುಡುಗಿಯರು ನನಗಿಟ್ಟ ಹೆಸರು ಮೆಣಸಿನಕಾಯಿ ಮೇಡಂ. ಬೆನ್ನ ಹಿಂದೆ ಹೇಳಿದರೂ ನನಗೆ ಕೇಳಿಸುತ್ತದೆ, ಕೇಳಿಸಲಿ ಅಂತಲೇ ಹೇಳುತ್ತಾರೆ. ಸೂಜಿ ಎಂಬ ಹೆಸರಿಟ್ಟವಳು ಮಾತ್ರ ನಾನೇ. ಮೊದಲ ಸಲ ನನ್ನ ಕಿಟಕಿಗೆ ಬಂದಾಗ ಅವಳಿಗೆ ಆರು ವರ್ಷ. ದಾರದಂಥ ಕೈಕಾಲು, ಚೂಪು ಮೂತಿ, ಅದಕ್ಕಿಂತ ಚೂಪು ಕಣ್ಣು. ಕೈ ಹಿಡಿದು ಕರೆತಂದವರು ಅವಳ ದೊಡ್ಡಮ್ಮ, ಬಟ್ಟೆ ಹೊಲಿಯುವವರು. ಅವರ ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನೂ ಮರೆತು ಬಂದಿದ್ದರು.

ಅವಳ ತಾಯಿಯೂ ನನಗೆ ಗೊತ್ತಿದ್ದವಳೇ. ಆಗ ಈ ಮಾತ್ರೆಗಳು ಎಲ್ಲರಿಗೂ ಸಿಗುತ್ತಿರಲಿಲ್ಲ. ಕೆಮ್ಮಿಗೆ ಕೊಟ್ಟೆವು, ಜ್ವರಕ್ಕೆ ಕೊಟ್ಟೆವು, ಬಾಯಿಹುಣ್ಣಿಗೆ ಕೊಟ್ಟೆವು, ಅಸಲು ರೋಗಕ್ಕೆ ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಮಗಳಿಗೆ ನಾಲ್ಕು ತುಂಬುವಷ್ಟರಲ್ಲಿ ಆ ತಾಯಿ ಹೋದಳು. ಅವಳ ಕಾರ್ಡಿನ ಮೇಲೆ 'ಮುಚ್ಚಲಾಗಿದೆ' ಎಂದು ಬರೆದು ಸಹಿ ಹಾಕಿದವಳು ನಾನು. ಆ ಕಾಲದಲ್ಲಿ ಈ ಕಿಟಕಿಯಲ್ಲಿ ಆ ಪದಕ್ಕೆ ಒಂದೇ ಅರ್ಥವಿತ್ತು.

ಮಗಳ ಕಾಲಕ್ಕೆ ಮಾತ್ರೆ ಬಂತು. ಅವಳು ಬೆಳೆಯುತ್ತ ಬಂದಂತೆ ದಿನಕ್ಕೊಂದೇ ಮಾತ್ರೆಯ ಬಾಟ್ಲಿಯೂ ಬಂತು. ನಮ್ಮ ಪದ್ಧತಿ ಹೀಗೆ: ಬಾಟ್ಲಿಯಲ್ಲಿ ಮೂವತ್ತು ಮಾತ್ರೆ, ಇಪ್ಪತ್ತೆಂಟನೆಯ ದಿನಕ್ಕೆ ಬರಬೇಕು, ಬರುವಾಗ ಹಳೆಯ ಬಾಟ್ಲಿ ತರಬೇಕು. ಅದನ್ನು ತಟ್ಟೆಗೆ ಸುರಿದು ನಾನು ಎಣಿಸುತ್ತೇನೆ. ಎರಡು ಉಳಿದಿದ್ದರೆ ಸರಿ. ಐದು ಉಳಿದಿದ್ದರೆ ಮೂರು ದಿನ ತಪ್ಪಿಸಿದ್ದಾರೆ, ಅವತ್ತು ನನ್ನ ಬಾಯಿಗೆ ಸಿಕ್ಕಿದರು ಅಂತಲೇ ಲೆಕ್ಕ. ಹದಿಹರೆಯದವರದಂತೂ ಏಳು, ಒಂಬತ್ತು, ಹದಿಮೂರು ಉಳಿದಿರುತ್ತಿತ್ತು. ಸೂಜಿಯ ಬಾಟ್ಲಿಯಲ್ಲಿ ಮಾತ್ರ ಎರಡೆಂದರೆ ಎರಡು, ತಿಂಗಳು ತಿಂಗಳೂ ಎರಡೇ.

ನನಗೆ ಅವಳೆಂದರೆ ಹೆಮ್ಮೆ. ಸಾಲಿನಲ್ಲಿ ನಿಂತ ಬೇರೆ ಹುಡುಗರಿಗೆ, "ನೋಡ್ರೋ, ಹದಿನಾಲ್ಕು ವರ್ಷದ ಹುಡುಗಿ! ಅವಳನ್ನ ನೋಡಿ ಕಲೀರಿ, ಕತ್ತೆಗಳಾ!" ಎಂದು ಕೂಗುತ್ತಿದ್ದೆ. ಸೂಜಿ ತಲೆ ತಗ್ಗಿಸಿ ಹೊಸ ಬಾಟ್ಲಿ ತೆಗೆದುಕೊಂಡು ಹೋಗುತ್ತಿದ್ದಳು. ಹುಡುಗಿಗೆ ಸಂಕೋಚ ಎಂದುಕೊಳ್ಳುತ್ತಿದ್ದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುವವಳು ನಾನು, ನನ್ನ ತಟ್ಟೆಯ ಮೇಲೆ ಬಿದ್ದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದೆ.

ಅವಳಿಗೆ ಹದಿನೈದು ತುಂಬಿದಾಗ ವರ್ಷಕ್ಕೊಮ್ಮೆ ಮಾಡುವ ರಕ್ತಪರೀಕ್ಷೆ ಬಂತು, ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವಂಥದ್ದು. ಒಂದು ಮಿಲಿಲೀಟರ್ ರಕ್ತದಲ್ಲಿ ಲಕ್ಷದ ಲೆಕ್ಕದಲ್ಲಿ ವೈರಸ್. ತೂಕವೂ ಇಳಿದಿತ್ತು. ಡಾಕ್ಟರು ನನ್ನ ರಿಜಿಸ್ಟರ್ ತರಿಸಿಕೊಂಡು ನೋಡಿದರು.

"ಇವಳು ಒಂದು ದಿನಾನೂ ತಪ್ಪಿಸಿಲ್ಲ ಅಂತಿದೆಯಲ್ಲ ನಿಮ್ಮ ರಿಜಿಸ್ಟರ್‌ನಲ್ಲಿ. ಹಾಗಾದ್ರೆ ಈ ಔಷಧಿ ಇವಳಿಗೆ ಕೆಲಸ ಮಾಡೋದು ನಿಲ್ಲಿಸಿದೆ ಅಂತ ಅರ್ಥ. ಬೇರೆಯದಕ್ಕೆ ಹಾಕಬೇಕಾಗುತ್ತೆ," ಎಂದರು.

ಬೇರೆಯದೆಂದರೆ ದಿನಕ್ಕೆ ಹೆಚ್ಚು ಮಾತ್ರೆ, ಹೊಟ್ಟೆ ತೊಳಸು. ಅದೂ ಕೈಕೊಟ್ಟರೆ ಮುಂದಿನ ಬಾಗಿಲುಗಳು ಕಡಿಮೆ. ನನ್ನ ನೆತ್ತಿಗೆ ಸಿಟ್ಟೇರಿತು. "ನಿಮ್ಮ ಮೆಷಿನ್ನೇ ತಪ್ಪಿರಬೇಕು ಡಾಕ್ಟ್ರೇ! ಈ ಹುಡುಗಿ ಚಿನ್ನ, ಅಪ್ಪಟ ಚಿನ್ನ. ನನ್ನ ಎಣಿಕೆ ಇವತ್ತಿನವರೆಗೂ ತಪ್ಪಿಲ್ಲ. ಇನ್ನೊಂದ್ಸಲ ಪರೀಕ್ಷೆ ಮಾಡಿಸಿ, ಆಮೇಲೆ ಮಾತಾಡಿ," ಎಂದು ಓಣಿಗೆಲ್ಲ ಕೇಳುವಂತೆ ಜಗಳವಾಡಿದೆ. ಅವರು ಒಳ್ಳೆಯವರು, ಒಂದು ವಾರ ಬಿಟ್ಟು ನಿರ್ಧಾರ ಮಾಡೋಣ ಎಂದರು. ಸೂಜಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮುಂದಿನ ಸೋಮವಾರ ಅವಳು ಒಬ್ಬಳೇ ಬಂದಳು. ಕಂಕುಳಲ್ಲಿ ಒಂದು ದಿಂಬು. ಹಳದಿ ಬಟ್ಟೆಯದು, ಬಣ್ಣ ಬಣ್ಣದ ಚಿಂದಿಗಳನ್ನು ಜೋಡಿಸಿ ಅಂಚು ಕಟ್ಟಿದ್ದಳು. ಕಿಟಕಿಯೊಳಗೆ ತೂರಿಸಿ ನನ್ನ ಮುಂದಿಟ್ಟಳು. ಏನೋ ಉಡುಗೊರೆ ತಂದಿದ್ದಾಳೆ ಎಂದುಕೊಂಡು ಬಾಯಿ ಅಗಲ ಮಾಡಿದೆ. ಅವಳು ಚೀಲದಿಂದ ಪುಟ್ಟ ಕತ್ತರಿ ತೆಗೆದು ಒಂದು ಬದಿಯ ಹೊಲಿಗೆ ಬಿಚ್ಚಿದಳು. ಹತ್ತಿಯೊಳಗೆ ಕೈ ಹಾಕಿ, ಹಿಡಿ ತುಂಬ ಏನನ್ನೋ ತೆಗೆದು ನನ್ನ ತಟ್ಟೆಗೆ ಸುರಿದಳು. ಮತ್ತೊಂದು ಹಿಡಿ. ಮತ್ತೂ ಒಂದು.

ಎಲ್ಲವೂ ನಾನೇ ಕೊಟ್ಟ ಮಾತ್ರೆಗಳು.

"ಎಣಿಸಿ ಮೇಡಂ," ಎಂದಳು.

ಕಿಟಕಿ ಮುಚ್ಚಿದೆ. ಸಾಲಿನವರು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಎಣಿಸಿದೆ. ಎಣಿಸುವುದೊಂದೇ ನನಗೆ ಗೊತ್ತಿದ್ದ ಕೆಲಸ. ಐದು, ಹತ್ತು, ಹದಿನೈದು. ಮಾತ್ರೆಗಳಿಗೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಒಟ್ಟು ಇನ್ನೂರ ಮೂರು. ಎಂಟು ತಿಂಗಳಿನದು. ದೊಡ್ಡಮ್ಮ ಎದುರಿಗೆ ನಿಂತು ನೋಡಿದ ದಿನಗಳಲ್ಲಿ ಮಾತ್ರ ನುಂಗಿದ್ದಳಂತೆ. ಎಂಟು ತಿಂಗಳು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸಿದ್ದು ಬಾಟ್ಲಿಯಲ್ಲಿ ಉಳಿದದ್ದನ್ನು, ಹೊಟ್ಟೆಗೆ ಹೋದದ್ದನ್ನಲ್ಲ. ನಾನು ಚಾಪೆ ಕೆಳಗೆ ತೂರಿದರೆ ಈ ಹುಡುಗಿ ರಂಗೋಲಿ ಕೆಳಗೆ ತೂರಿದ್ದಳು!

"ಯಾಕೇ?" ಎಂದೆ.

"ಸದ್ದು ಮಾಡುತ್ತೆ ಮೇಡಂ."

"ಏನು ಸದ್ದು?"

ಅವಳು ನನ್ನ ಮೇಜಿನಿಂದ ಹೊಸ ಬಾಟ್ಲಿಯೊಂದನ್ನು ಎತ್ತಿ ಅಲ್ಲಾಡಿಸಿದಳು. ಗಲಗಲ. ಶಾಲೆಯಿಂದ ಮೂರು ದಿನದ ಪ್ರವಾಸ ಹೋಗಿದ್ದಾಗ ಅವಳ ಬ್ಯಾಗಿನಲ್ಲಿ ಹೀಗೇ ಸದ್ದಾಯಿತಂತೆ. ಒಬ್ಬಳು ಚಾಕೊಲೇಟ್ ಎಂದು ಕಿತ್ತುಕೊಂಡಳು. ಬಾಟ್ಲಿ ಬಸ್ಸಿನ ತುಂಬ ಕೈಯಿಂದ ಕೈಗೆ ಹೋಯಿತು. ಒಬ್ಬ ಹುಡುಗ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದ. ಯಾರಿಗೂ ಅರ್ಥವಾಗಲಿಲ್ಲ, ಆದರೆ ಆ ಹೆಸರು ಇವಳ ತಲೆಯಲ್ಲಿ ಕೂತುಬಿಟ್ಟಿತು. ಮನೆಯಲ್ಲಿ ದೊಡ್ಡಮ್ಮ ಯಾವಾಗಲೂ ರಕ್ತ ಕಡಿಮೆ ಇದೆ, ಅದಕ್ಕೆ ಮಾತ್ರೆ ಎನ್ನುತ್ತಿದ್ದರು. ಇವಳು ಗೆಳತಿಯ ಫೋನಿನಲ್ಲಿ ಆ ಹೆಸರು ಹುಡುಕಿ ನೋಡಿದಳು. ಅಲ್ಲಿಗೆ ಎಲ್ಲ ಗೊತ್ತಾಯಿತು.

"ಮಾತ್ರೆ ತಗೊಂಡ ದಿನ ನನಗೆ ರೋಗ ಇದೆ ಅನ್ಸೋದು. ತಗೊಳ್ಳದೇ ಇದ್ದ ದಿನ ಇಲ್ಲ ಅನ್ಸೋದು," ಎಂದಳು.

ನಾನು ತಟ್ಟೆಯ ಮಾತ್ರೆಗಳನ್ನು ಒಂದೆಡೆ ಸರಿಸಿದೆ. "ಸರಿ, ಬೇಡ ಅಂದ್ರೆ ಚರಂಡಿಗೆ ಎಸೀಬಹುದಿತ್ತಲ್ಲ? ದಿಂಬಿನೊಳಗೆ ಯಾಕೆ ಇಟ್ಟೆ?"

ಅವಳು ಕತ್ತರಿಯನ್ನು ತೆಗೆಯುತ್ತ ಮುಚ್ಚುತ್ತ ಇದ್ದಳು. "ಎಸೆಯೋಕೆ ಕೈ ಬರ್ಲಿಲ್ಲ. ಇದು ಸಿಕ್ಕಿದ್ರೆ ಅಮ್ಮ ಬದುಕಿರ್ತಿದ್ಲು ಅಂತ ದೊಡ್ಡಮ್ಮ ಯಾರ ಹತ್ರಾನೋ ಹೇಳ್ತಿದ್ದದ್ದು ಕೇಳಿಸ್ಕೊಂಡಿದ್ದೆ."

ನುಂಗಲೂ ಆಗದೆ, ಎಸೆಯಲೂ ಆಗದೆ, ಅಮ್ಮನಿಗೆ ಸಿಗದ ಮಾತ್ರೆಗಳ ಮೇಲೆ ತಲೆಯಿಟ್ಟು ಆ ಮಗು ಎಂಟು ತಿಂಗಳು ಮಲಗಿತ್ತು.

"ಮತ್ತೆ ಇವತ್ತು ಯಾಕೆ ತಂದೆ?"

"ನೀವು ನನ್ನ ಪರವಾಗಿ ಡಾಕ್ಟ್ರ ಹತ್ರ ಜಗಳ ಆಡಿದ್ರಿ. ಚಿನ್ನ ಅಂದ್ರಿ. ಅದಕ್ಕೆ."

ನಾನು ಅತ್ತೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಮೂಗು ಸೋರುವ ತನಕ ಅತ್ತೆ. ಅವಳೇ ದಿಂಬಿನಿಂದ ಒಂದು ಉಂಡೆ ಹತ್ತಿ ಕಿತ್ತು ನನ್ನ ಕೈಗೆ ಕೊಟ್ಟಳು.

ಆಮೇಲೆ ಕೌನ್ಸೆಲರ್ ತನ್ನ ಕೋಣೆಯಲ್ಲಿ ದೊಡ್ಡಮ್ಮನನ್ನೂ ಸೂಜಿಯನ್ನೂ ಎದುರುಬದುರು ಕೂರಿಸಿದಳು. "ಮಗು ಹೆದರ್ಕೊಳ್ಳುತ್ತೆ ಅಂತ ಹೇಳಿರ್ಲಿಲ್ಲ ಕಣಮ್ಮ," ಎಂದರು ದೊಡ್ಡಮ್ಮ. "ನೀವು ಹೆದರಿದ್ರಿ, ಅದಕ್ಕೆ ಹೇಳ್ಲಿಲ್ಲ ದೊಡ್ಡಮ್ಮ," ಎಂದಳು ಸೂಜಿ. ಆ ಹೆಂಗಸು ಕೊರಳಿನ ಅಳತೆ ಪಟ್ಟಿಯಿಂದಲೇ ಕಣ್ಣೊರೆಸಿಕೊಂಡರು. ಅವತ್ತಿನಿಂದ ಆ ಮನೆಯಲ್ಲಿ ರಕ್ತ ಕಡಿಮೆ ಎಂಬ ಸುಳ್ಳು ನಿಂತಿತು.

ಸದ್ದಿನ ಸಮಸ್ಯೆಗೆ ಪರಿಹಾರವನ್ನೂ ಸೂಜಿಯೇ ಹುಡುಕಿದಳು. ಬಾಟ್ಲಿಯ ಬಾಯಿಗೆ ಒಂದು ಉಂಡೆ ಒಣ ಹತ್ತಿ ಇಟ್ಟರೆ ಮಾತ್ರೆ ಅಲ್ಲಾಡುವುದಿಲ್ಲ. ಡಾಕ್ಟರನ್ನು ಕೇಳಿದೆ, ಶುದ್ಧ ಹತ್ತಿಯಾದರೆ ತೊಂದರೆಯಿಲ್ಲ ಎಂದರು. ಅಷ್ಟೇ! ಇಪ್ಪತ್ತು ವರ್ಷಗಳ ಹತ್ತಿರ ಹತ್ತಿಯ ಸುರುಳಿ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಆ ಗಲಗಲ ದಿನವಿಡೀ ಕೇಳಿ ಕೇಳಿ ನನ್ನ ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತ್ತು. ಎಷ್ಟು ಮಕ್ಕಳು ಆ ಸದ್ದಿಗೆ ಹೆದರಿ ಬಾಟ್ಲಿಯನ್ನು ಮನೆಯಲ್ಲೇ ಬಿಟ್ಟು ಹೋದರೋ, ಎಷ್ಟು ಮಕ್ಕಳಿಗೆ ನಾನು ಕತ್ತೆ ಎಂದು ಬೈದೆನೋ.

ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿದಳು. ಡಾಕ್ಟರು ಮೊದಲೇ ಹೇಳಿದ್ದರು, ಇಷ್ಟು ದಿನ ಬಿಟ್ಟುಬಿಟ್ಟು ತೆಗೆದುಕೊಂಡಿದ್ದರಿಂದ ವೈರಸ್ ಈ ಔಷಧಿಗೆ ಒಗ್ಗಿಹೋಗಿರಲೂಬಹುದು, ನೋಡೋಣ ಎಂದು. ಆರು ತಿಂಗಳಾದ ಮೇಲೆ ರಕ್ತ ತೆಗೆದರು. ಎರಡು ವರದಿಗಳನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರು ನನಗೆ ತೋರಿಸಿದರು. ಒಂದರಲ್ಲಿ ಲಕ್ಷದ ಮೇಲಿನ ಅಂಕಿ. ಇನ್ನೊಂದರಲ್ಲಿ ಅಂಕಿಯೇ ಇಲ್ಲ, 'ಕಂಡುಬಂದಿಲ್ಲ' ಎಂಬ ಮಾತು ಮಾತ್ರ.

ಅಬ್ಬಾ! ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನನ್ನ ಕಥೆ ಅದೇ. ಕಡಲೆಬೀಜದ ಹಾಗೆ ಎಣಿಸಿ ಎಣಿಸಿ ಹಾಕುತ್ತಿದ್ದ ವಸ್ತು ಇದು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ರುಚಿಯಿಲ್ಲ, ವಾಸನೆಯಿಲ್ಲ. ಅದು ಆ ಹುಡುಗಿಯ ಮೈಯೊಳಗೆ ಇಳಿದು, ಲಕ್ಷಗಟ್ಟಲೆ ವೈರಸ್ಸನ್ನು ಮೂಲೆಗೆ ತಳ್ಳಿ ಬಾಗಿಲು ಹಾಕಿತ್ತು. ಬೇರು ಕಿತ್ತಿಲ್ಲ, ಅದು ಒಳಗೆ ಅಡಗಿ ಕೂತೇ ಇರುತ್ತದೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಹೊರಗೆ ಬರುತ್ತದೆ. ಆದರೆ ದಿನಕ್ಕೊಂದು ಮಾತ್ರೆ ಕಾವಲು ನಿಂತಿರುವ ತನಕ ಆ ಹುಡುಗಿ ಬೆಳೆಯಬಹುದು, ದುಡಿಯಬಹುದು, ಮುದುಕಿಯಾಗಬಹುದು. ಅವತ್ತು ಮಧ್ಯಾಹ್ನ ನಾನು ಒಂದು ಮಾತ್ರೆಯನ್ನು ಅಂಗೈ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತೆ. ಜವಾನ ಬಂದು, ಮೇಡಂಗೆ ಮೈಯಲ್ಲಿ ಹುಷಾರಿಲ್ವಾ ಎಂದು ಕೇಳಿದ.

ಶಾಲೆ ಮುಗಿಸಿ ಸೂಜಿ ದೊಡ್ಡಮ್ಮನ ಅಂಗಡಿಯಲ್ಲೇ ಹೊಲಿಗೆಗೆ ಕೂತಳು. ಉಳಿದ ಚಿಂದಿಗಳಲ್ಲಿ ಹತ್ತಿ ತುಂಬಿ ಬಾಟ್ಲಿ ಅಳತೆಯ ಪುಟ್ಟ ಚೀಲ ಹೊಲಿಯತೊಡಗಿದಳು. ಹೊರಗಿನಿಂದ ನೋಡಿದರೆ ಪೆನ್ಸಿಲ್ ಚೀಲ ಎನ್ನಬೇಕು. ಶನಿವಾರ ಶನಿವಾರ ಬಂದು ಈ ಬೆಂಚಿನ ಮೇಲೆ ಕೂತು, ಹೊಸದಾಗಿ ಬಂದ ಮಕ್ಕಳಿಗೆ ಒಂದೊಂದು ಕೊಡುತ್ತಾಳೆ. ಕಾಲೇಜು ವಯಸ್ಸಿನವರು ಪರೀಕ್ಷೆಗೆ ಬಂದರೆ ಅವರ ಜೊತೆಯೂ ಮಾತಿಗೆ ಕೂರುತ್ತಾಳೆ. ಕೌನ್ಸೆಲರ್ ಸುತ್ತಿ ಬಳಸಿ ಹೇಳುವುದನ್ನು ಇವಳು ನೇರ ಹೇಳುತ್ತಾಳೆ.

"ಕಾಂಡೋಮ್ ಅನ್ನೋ ಪದ ಬಾಯಲ್ಲಿ ಬರ್ತಿಲ್ವಾ? ಹತ್ತು ಸಲ ಹೇಳಿ, ಬರುತ್ತೆ. ಪದಕ್ಕೇ ನಾಚಿಕೊಂಡ್ರೆ ಅಂಗಡೀಲಿ ಕೇಳೋದು ಹೇಗೆ? ಅಪಾಯ ಇದೆ ಅನ್ಸಿದ್ರೆ ಮೊದಲೇ ತಗೊಳ್ಳೋ ಮಾತ್ರೆನೂ ಇದೆ, ಡಾಕ್ಟ್ರನ್ನ ಕೇಳಿ. ಏನೇ ಆಗ್ಲಿ, ಪರೀಕ್ಷೆ ಮಾಡಿಸ್ಕೊಳ್ಳಿ. ಗೊತ್ತಿಲ್ಲದೆ ಇರೋದು ರೋಗಕ್ಕಿಂತ ಕೆಟ್ಟದ್ದು."

ಕಿಟಕಿಯ ಹಿಂದೆ ನನ್ನ ಕಿವಿ ಕೆಂಪಾಗುತ್ತದೆ. ಹುಡುಗರು ನಗುತ್ತಾರೆ, ನಕ್ಕು ಒಳಗೆ ಹೋಗಿ ರಕ್ತ ಕೊಡುತ್ತಾರೆ. ನಾನು ಬೈದು ಬೈದು ಮಾಡಿಸಲಾಗದ ಕೆಲಸ ಅದು.

ಅಂಗಡಿಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುವವನೊಬ್ಬ ಇವಳನ್ನು ಮೆಚ್ಚಿದ. ಯಂತ್ರ ಕೆಡದಿದ್ದರೂ ವಾರಕ್ಕೆರಡು ಸಲ ಎಣ್ಣೆ ಬಿಡಲು ಬರುತ್ತಿದ್ದನಂತೆ. ಮದುವೆಯ ಮಾತೆತ್ತಿದಾಗ ಇವಳು ಎಲ್ಲವನ್ನೂ ಹೇಳಿ, ನಂಬಿಕೆ ಬರದಿದ್ದರೆ ಕೇಳು ಎಂದು ನೇರ ನನ್ನ ಕಿಟಕಿಗೆ ಕರೆತಂದಳು. ಅವನು ಬೆರಳಿನ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿದ: "ಇವಳು ಮಾತ್ರೆ ಸರಿಯಾಗಿ ತಗೋತಾಳಾ ಮೇಡಂ?"

ಕೇಳಿ ಕೇಳಿ ಆ ಪ್ರಶ್ನೆಯನ್ನು ನನಗೇ ಕೇಳಬೇಕೇ! ನಾನೂ ಸೂಜಿಯೂ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಕ್ಕೆವು. "ನನ್ನ ಎಣಿಕೆ ನಂಬಬೇಡಪ್ಪ," ಎಂದೆ. "ಅವಳ ರಕ್ತದ ರಿಪೋರ್ಟ್ ನಂಬು. ಆರು ವರ್ಷದಿಂದ ಕಂಡುಬಂದಿಲ್ಲ ಅಂತಾನೇ ಬರ್ತಿದೆ. ಹಾಗಿರೋ ತನಕ ಅವಳಿಂದ ನಿನಗೆ ದಾಟಲ್ಲ." ಡಾಕ್ಟರ ಹತ್ತಿರವೂ ಕೇಳಿಕೊಂಡ. ಮುಂದಿನ ತಿಂಗಳು ಮದುವೆಯಾದ. ಇವತ್ತಿಗೂ ಅವನ ಪರೀಕ್ಷೆ ಇಲ್ಲ ಎಂದೇ ಬರುತ್ತಿದೆ.

ಗರ್ಭಿಣಿಯಾದಾಗ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಗು ಹುಟ್ಟಿದ ದಿನದಿಂದ ಆರು ವಾರ ಅದಕ್ಕೂ ಔಷಧಿ, ಅಳೆದು ಅಳೆದು ಹನಿ ಲೆಕ್ಕದಲ್ಲಿ. ಆ ಬಾಟ್ಲಿಯನ್ನು ಕೊಟ್ಟವಳೂ ನಾನೇ. ಮಗುವಿನ ಹೆಸರಿಗೂ ನನ್ನ ಪೆಟ್ಟಿಗೆಯಲ್ಲೊಂದು ಕಾರ್ಡು ಸೇರಿತು. ಒಂದೂವರೆ ವರ್ಷ ಆ ಕಾರ್ಡು ನನ್ನನ್ನು ಚುಚ್ಚುತ್ತಲೇ ಇತ್ತು.

ಹನ್ನೊಂದು ಹತ್ತಕ್ಕೆ ಕೌನ್ಸೆಲರ್ ಬಾಗಿಲು ತೆಗೆದು ಕರೆದಳು. ಸೂಜಿ ಎದ್ದಳು. ಎರಡು ಹೆಜ್ಜೆ ಇಟ್ಟು ಹಿಂತಿರುಗಿ, "ಮೇಡಂ, ನೀವೂ ಬನ್ನಿ. ನಾನೊಬ್ಳೇ ಹೋಗಲ್ಲ," ಎಂದಳು. ಮತ್ತೊಮ್ಮೆ ಕಿಟಕಿ ಮುಚ್ಚಿದೆ.

ಕೋಣೆಯಲ್ಲಿ ಮೂರು ಕುರ್ಚಿ, ಗೋಡೆಗೊಂದು ಕ್ಯಾಲೆಂಡರ್. ಕೌನ್ಸೆಲರ್ ಲಕೋಟೆಯಿಂದ ಹಾಳೆ ತೆಗೆದು ಹೆಸರು, ವಯಸ್ಸು, ನಂಬರು ಎಲ್ಲ ಓದಿ ತಾಳೆ ನೋಡಿದಳು. ಓದುತ್ತಲೇ ಇದ್ದಾಳೆ. ಕೊನೆಗೆ ತಲೆಯೆತ್ತಿ, "ಇಲ್ಲ. ಮಗುವಿಗೆ ಎಚ್‌ಐವಿ ಇಲ್ಲ," ಎಂದಳು.

"ಇನ್ನೊಂದ್ಸಲ ಹೇಳಿ," ಎಂದಳು ಸೂಜಿ.

"ಇಲ್ಲಮ್ಮ. ಇನ್ನು ಇವಳು ಇಲ್ಲಿಗೆ ಬರೋದು ಬೇಕಿಲ್ಲ."

ಸೂಜಿ ಅಳಲಿಲ್ಲ. ಮಗುವಿನ ನೆತ್ತಿಗೆ ಮೂಗು ತಾಗಿಸಿ ಉಸಿರೆಳೆದುಕೊಳ್ಳುತ್ತ ಕೂತಿದ್ದಳು. ಆಮೇಲೆ, "ಇವಳ ಕಾರ್ಡು?" ಎಂದು ಕೇಳಿದಳು.

"ಮುಚ್ಚಬೇಕು. ಅದು ಮೇಡಂ ಕೆಲಸ," ಎಂದಳು ಕೌನ್ಸೆಲರ್.

ನಾವು ಮೂವರೂ ಕಿಟಕಿಗೆ ಮರಳಿದೆವು, ನಾನು, ಸೂಜಿ, ಅವಳ ಮಗಳು. ಪೆಟ್ಟಿಗೆಯಿಂದ ಕಾರ್ಡು ತೆಗೆದೆ. ಇಪ್ಪತ್ತೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಈ ಮಗುವಿನ ಅಜ್ಜಿಯ ಕಾರ್ಡಿನ ಮೇಲೆ ಬರೆದ ಪದವನ್ನೇ ಬರೆಯಬೇಕಿತ್ತು. ಪೆನ್ನು ಹಿಡಿದ ಕೈ ನಿಂತಿತು. ಸೂಜಿಗೆ ಅದು ಗೊತ್ತು, ನಾನೇ ಎಂದೋ ಹೇಳಿದ್ದೆ. ಅವಳು ಕಿಟಕಿಯೊಳಗೆ ಕೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಬರೆದೆ: ಮುಚ್ಚಲಾಗಿದೆ. ಕೆಳಗೆ ಸಹಿ ಹಾಕಿದೆ. ಅದೇ ಪದ, ಅದೇ ಸಹಿ. ಇಂಥದ್ದನ್ನು ಕಣ್ಣಾರೆ ಕಾಣುವಷ್ಟು ದಿನ ನಾನು ಬದುಕಿದ್ದೇನಲ್ಲ ಎನಿಸಿತು.

ಅಷ್ಟರಲ್ಲಿ ಮಗು ಗಿಲಕಿ ಎತ್ತಿಕೊಂಡು ಮತ್ತೆ ಶುರುಮಾಡಿತು. ಬಾಟ್ಲಿ ಗಲಗಲ ಎಂದು ಓಣಿಯ ತುದಿಯ ತನಕ ಸದ್ದು ಮಾಡಿತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ ಹೆದರಿ, "ಶ್, ಸದ್ದು ಮಾಡಬೇಡ ಪುಟ್ಟಿ, ಮೇಡಂ ಬೈತಾರೆ," ಎಂದಳು.

"ಮಾಡ್ಲಿ ಬಿಡಮ್ಮ," ಎಂದೆ. "ಎಷ್ಟು ಬೇಕೋ ಅಷ್ಟು ಮಾಡ್ಲಿ."